ಬಿಸಿಲು ಬಂದಾಗ ತೂರಿಕೊಳ್ಳುವ ಮನೆ

ಎಲ್ಲರಿಗೂ ನಮಸ್ಕಾರ.

ಸ್ಮಾರ್ಟ್ ಹೋಮ್ ಅಂದ ಕೂಡಲೇ ಫೋನಿನಲ್ಲಿ ಒತ್ತಿ ಲೈಟ್ ಹಾಕುವುದು, ಬಾಯಲ್ಲಿ ಹೇಳಿ ಫ್ಯಾನ್ ತಿರುಗಿಸುವುದು ನೆನಪಾಗುತ್ತದೆ. ಎದ್ದು ಓಡಾಡಲು ಕಷ್ಟಪಡುವ ಹಿರಿಯರಿಗೆ ಅದು ದೊಡ್ಡ ಆಸರೆಯೇ. ಆದರೆ ಕರೆಂಟಿನ ಲೆಕ್ಕದಲ್ಲಿ ಅದರಿಂದ ಏನೂ ಬದಲಾಗುವುದಿಲ್ಲ. ಕೈಯಿಂದ ಹಾಕಿದರೂ ಫೋನಿನಿಂದ ಹಾಕಿದರೂ ಬಲ್ಬು ತಿನ್ನುವುದು ಅಷ್ಟೇ ಅಲ್ವಾ?

ನಾನು ಇವತ್ತು ಹೇಳಬೇಕೆಂದಿರುವುದು ಬೇರೆ ಜಾಣತನದ ಬಗ್ಗೆ. 'ಗಾಳಿ ಬಂದಾಗ ತೂರಿಕೋ' ಅಂತಾರಲ್ಲ, ಅದೇ ಲೆಕ್ಕ. ಗಾಳಿಯನ್ನು ಕರೆಸಲು ಆಗುವುದಿಲ್ಲ, ಮೊರ ಹಿಡಿದು ತಯಾರಾಗಿ ನಿಂತಿರಬಹುದು. ಹಾಗೆಯೇ ಬಿಸಿಲು ಇರುವ ಹೊತ್ತಿಗೆ ಭಾರದ ಕೆಲಸಗಳನ್ನೆಲ್ಲ ತಾನಾಗಿ ಮುಗಿಸಿಕೊಳ್ಳುವ ಮನೆ ನನಗೆ ಜಾಣ ಮನೆ.

ಸೋಲಾರ್ ಪ್ಯಾನೆಲ್ ಜಾಸ್ತಿ ಕೊಡುವುದು ನಡುಮಧ್ಯಾಹ್ನ. ನಮಗೆ ಕರೆಂಟ್ ಜಾಸ್ತಿ ಬೇಕಾಗುವುದು ಬೆಳಿಗ್ಗೆ ಮತ್ತು ರಾತ್ರಿ. ಸಮಸ್ಯೆ ಇರುವುದು ಇಲ್ಲೇ. ಇನ್ನೊಂದು ವಿಷಯ. 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದರೆ ಮಧ್ಯಾಹ್ನ ಪೂರ್ತಿ 3 ಬರುತ್ತದೆ ಅಂದುಕೊಳ್ಳಬೇಡಿ. ಆ ಅಂಕಿ ಬರೆದಿರುವುದು ಪ್ರಯೋಗಾಲಯದಲ್ಲಿ, ಚದರ ಮೀಟರ್‌ಗೆ 1000 ವ್ಯಾಟ್ ಬೆಳಕು, ಪ್ಯಾನೆಲ್‌ನಲ್ಲಿ ಕರೆಂಟ್ ಮಾಡುವ ಸೆಲ್‌ನ ಬಿಸಿ 25 ಡಿಗ್ರಿ ಇಟ್ಟುಕೊಂಡು. ಕಾದ ಚಾವಣಿಯ ಮೇಲೆ ಸೆಲ್ 60 ಡಿಗ್ರಿ ಮುಟ್ಟಬಹುದು. ಸಿಲಿಕಾನ್ ಸೆಲ್ ಒಂದೊಂದು ಡಿಗ್ರಿ ಏರಿದಾಗಲೂ ಸುಮಾರು ಶೇಕಡಾ 0.3ರಿಂದ 0.4ರಷ್ಟು ಕಳೆದುಕೊಳ್ಳುತ್ತದೆ. ಅಂದರೆ ಶೇಕಡಾ ಹತ್ತಕ್ಕಿಂತ ಜಾಸ್ತಿ ಬಿಸಿಯಲ್ಲೇ ಹೋಯಿತು. ಹಾಗಾಗಿ ಯಾವುದು ಯಾವಾಗ ಆನ್ ಆಗಬೇಕು ಅಂತ ಮನೆಯ ಕಂಪ್ಯೂಟರಿಗೆ ಯಾವ ನಿಯಮ ಬರೆಯುವ ಮುಂಚೆಯೂ ಮೀಟರ್ ನೋಡಿ, ಪ್ಯಾನೆಲ್ ಮೇಲಿನ ಚೀಟಿಯನ್ನಲ್ಲ.

ಉಳಿದ ಕರೆಂಟನ್ನು ಎಲ್ಲಿ ಇಡುವುದು? ಎಲ್ಲರೂ ಬ್ಯಾಟರಿ ಅನ್ನುತ್ತಾರೆ. ನಾನು ಮೊದಲು ಬಿಸಿನೀರು ಅನ್ನುತ್ತೇನೆ. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು ಸುಮಾರು ಮೂರೂವರೆ ಯೂನಿಟ್ ಬೇಕು. 2 ಕಿಲೋವ್ಯಾಟ್ ಗೀಸರ್‌ಗೆ ಅದು ಒಂದೂಮುಕ್ಕಾಲು ಗಂಟೆಯ ಕೆಲಸ. ಶಾಖ ಹೊರಹೋಗದ ಹಾಗೆ ಚೆನ್ನಾಗಿ ಹೊದಿಕೆ ಹಾಕಿದ ಟ್ಯಾಂಕ್ ಇದ್ದರೆ, ಮಧ್ಯಾಹ್ನದ ಬಿಸಿಲು ಮರುದಿನ ಬೆಳಿಗ್ಗೆ ಸ್ನಾನಕ್ಕೆ ಬರುತ್ತದೆ. ಅಷ್ಟೇ ಕರೆಂಟನ್ನು ಲಿಥಿಯಂ ಬ್ಯಾಟರಿಗೆ ತುಂಬಿಸಿ ತೆಗೆದರೆ ಸುಮಾರು ಹತ್ತನೇ ಒಂದು ಭಾಗ ದಾರಿಯಲ್ಲೇ ಹೋಗುತ್ತದೆ. ಲೆಡ್ ಆಸಿಡ್ ಬ್ಯಾಟರಿಯಲ್ಲಿ ಇನ್ನೂ ಜಾಸ್ತಿ. ಬಟ್ಟೆ ಒಗೆಯುವುದು, ನೀರೆತ್ತುವುದು, ನೀರು ಕಾಯಿಸುವುದು ಬಿಸಿಲಲ್ಲೇ ಮುಗಿದರೆ ಚಿಕ್ಕ ಬ್ಯಾಟರಿ ಸಾಕಾಗುತ್ತದೆ. ರಾತ್ರಿಗೆ ಉಳಿಯುವುದು ಲೈಟು, ಫ್ಯಾನು, ಫ್ರಿಜ್ಜು ಅಷ್ಟೇ.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ನನ್ನ ಮೊದಲ ನಿಯಮ ಒಂದೇ ಸಾಲಿನದು. ಉಳಿಕೆ, ಅಂದರೆ ಮನೆ ಬಳಸಿ ಮಿಕ್ಕ ಸೋಲಾರ್ ಕರೆಂಟ್, 1500 ವ್ಯಾಟ್ ದಾಟಿದರೆ ಗೀಸರ್ ಆನ್, ಅದಕ್ಕಿಂತ ಇಳಿದರೆ ಆಫ್. ನೋಡಲು ಸರಿಯಾಗಿಯೇ ಇದೆ ಅಲ್ವಾ? ಮಧ್ಯಾಹ್ನ ಉಳಿಕೆ 2200 ಇತ್ತು. ಗೀಸರ್ ಆನ್ ಆಯಿತು, 2000 ವ್ಯಾಟ್ ಎಳೆಯಿತು. ಈಗ ಮೀಟರ್ ತೋರಿಸುವ ಉಳಿಕೆ ಬರೀ 200. ನಿಯಮದ ಪ್ರಕಾರ ಆಫ್. ಆಫ್ ಆದ ತಕ್ಷಣ ಮತ್ತೆ 2200. ಮತ್ತೆ ಆನ್. ಸ್ವಿಚ್ ಬೋರ್ಡಿನ ಒಳಗಿಂದ ಟಿಕ್, ಟಿಕ್ ಅಂತ ಸದ್ದು ಬರುತ್ತಲೇ ಇತ್ತು, ನಾನು ಗಮನ ಕೊಡಲಿಲ್ಲ. ಕೆಲವು ದಿನಗಳಲ್ಲಿ ರಿಲೇ, ಅಂದರೆ ಕಂಪ್ಯೂಟರ್ ಹೇಳಿದಂತೆ ಆನ್ ಆಫ್ ಆಗುವ ಪುಟ್ಟ ಸ್ವಿಚ್, ಅದರ ಒಳಗಿನ ಎರಡು ಬಿಲ್ಲೆಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡವು. ಗೀಸರ್ ಆಫ್ ಆಗುವುದೇ ನಿಂತಿತು. ಅನಾಹುತ ತಪ್ಪಿಸಿದ್ದು ಗೀಸರ್‌ನೊಳಗಿದ್ದ, ನೀರು ಕಾದಾಗ ತಾನಾಗಿ ಕರೆಂಟ್ ಕಡಿಯುವ ಥರ್ಮೋಸ್ಟಾಟ್. ಅದನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ನಿಮ್ಮ ಪ್ರೋಗ್ರಾಂ ಎಷ್ಟೇ ಚೆನ್ನಾಗಿರಲಿ, ಸುರಕ್ಷತೆಯ ಕೆಲಸ ಅದರದ್ದಲ್ಲ.

ಈಗಿನ ನಿಯಮ ನಿಧಾನದ್ದು. ಉಳಿಕೆ 2200 ವ್ಯಾಟ್‌ಗಿಂತ ಮೇಲೆ ಹತ್ತು ನಿಮಿಷ ನಿಂತರೆ ಮಾತ್ರ ಆನ್. ಹೊರಗಿನ ಲೈನಿನಿಂದ ಐದು ನಿಮಿಷ ಬಿಡದೆ ಎಳೆಯುತ್ತಿದ್ದರೆ ಮಾತ್ರ ಆಫ್. ಒಂದು ಮೋಡ ದಾಟಿ ಹೋದರೆ ಮನೆ ಗಾಬರಿಯಾಗುವುದಿಲ್ಲ. ಸಣ್ಣ ರಿಲೇ ಬದಲು ಗೀಸರ್‌ನ ಭಾರಕ್ಕೆ ತಕ್ಕ ಕಾಂಟ್ಯಾಕ್ಟರ್ ಅನ್ನುವ ಗಟ್ಟಿ ಸ್ವಿಚ್ ಹಾಕಿಸಿದ್ದೇನೆ, ಎಲೆಕ್ಟ್ರಿಷಿಯನ್ ಕೈಯಲ್ಲೇ. ಫ್ರಿಜ್ಜು, ಎಸಿಗಳನ್ನು ಮಾತ್ರ ಹೀಗೆ ಹೊರಗಿನಿಂದ ಆನ್ ಆಫ್ ಮಾಡಲು ಹೋಗಬೇಡಿ. ನಿಂತ ಕಂಪ್ರೆಸರ್‌ಗೆ ಮತ್ತೆ ಶುರುವಾಗುವ ಮುಂಚೆ ಕೆಲವು ನಿಮಿಷ ಬಿಡುವು ಬೇಕು.

ಗಾಳಿಯಂತ್ರದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಗಾಳಿಯ ವೇಗ ಅರ್ಧವಾದರೆ ಸಿಗುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಕಟ್ಟಡಗಳ ನಡುವೆ ಗಾಳಿ ಸುಳಿ ಸುತ್ತುತ್ತದೆ. ಬಯಲಲ್ಲಿ ಎತ್ತರದ ಕಂಬ ನಿಲ್ಲಿಸಲು ಜಾಗವಿದ್ದವರು ಯೋಚಿಸಬಹುದು. ಉಳಿದವರಿಗೆ ಬಿಸಿಲೇ ವಾಸಿ.

ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಸ್ಮಾರ್ಟ್ ಪ್ಲಗ್, ಸೆನ್ಸರ್, ಹಬ್ ಇವೆಲ್ಲ ಸುಮ್ನೆ ಕೂತಾಗಲೂ ಕರೆಂಟ್ ಕುಡಿಯುತ್ತವೆ. ಒಂದೊಂದು 1 ವ್ಯಾಟ್ ಅಂದುಕೊಳ್ಳಿ. ಇಂಥವು 20 ಇದ್ದರೆ ದಿನಕ್ಕೆ 480 ವ್ಯಾಟ್ ಅವರ್, ಹತ್ತಿರ ಹತ್ತಿರ ಅರ್ಧ ಯೂನಿಟ್. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಅಷ್ಟರಲ್ಲಿ ಎರಡು ಹಗಲು, ಎರಡು ರಾತ್ರಿ ಉರಿಯುತ್ತದೆ. ಹಾಗಾಗಿ ಬಲ್ಬಿಗೊಂದು ಪ್ಲಗ್ ಬೇಡ. ಭಾರದ ಮೂರ್ನಾಲ್ಕು ಉಪಕರಣಗಳಿಗೆ ಮಾತ್ರ ಸಾಕು.

ಹೊರಗಿನ ಕರೆಂಟ್ ಹೋದಾಗ? ಗ್ರಿಡ್‌ಗೆ, ಅಂದರೆ ಹೊರಗಿನ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸಾಮಾನ್ಯ ಸೋಲಾರ್ ಇನ್ವರ್ಟರ್ ಸುಡುಬಿಸಿಲಿದ್ದರೂ ನಿಂತುಬಿಡುತ್ತದೆ. ಅದು ಕೆಟ್ಟಿದ್ದಲ್ಲ. ಲೈನ್ ಸತ್ತಿದೆ ಅಂದುಕೊಂಡು ಕಂಬ ಹತ್ತಿದವರಿಗೆ ನಮ್ಮ ಚಾವಣಿಯ ಕರೆಂಟ್ ಹೊಡೆಯಬಾರದು, ಅದಕ್ಕೇ ಆ ಏರ್ಪಾಡು. ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹೊರಗಿನ ಲೈನನ್ನು ಕಡಿದುಕೊಂಡು ಮನೆಗೆ ಮಾತ್ರ ಕೊಡುತ್ತದೆ. ಆ ಗಳಿಗೆಯಲ್ಲಿ ಗೀಸರ್, ವಾಷಿಂಗ್ ಮೆಷಿನ್ ತಾವಾಗಿ ಆಫ್ ಆಗಬೇಕು. ಯಾರೂ ಕತ್ತಲಲ್ಲಿ ತಡಕಾಡಬೇಕಾಗಿಲ್ಲ. ನನ್ನ ಮನೆಯಲ್ಲಿ ನಾನು ತುಂಬಾ ಮೆಚ್ಚಿಕೊಂಡ ನಿಯಮ ಇದೇ.

ಈ ನಿಯಮಗಳೆಲ್ಲ ಮನೆಯೊಳಗಿನ ಪುಟ್ಟ ಕಂಪ್ಯೂಟರಿನಲ್ಲೇ ಓಡಬೇಕು. ಇಂಟರ್ನೆಟ್ ಹೋದರೆ ನೀರು ಕಾಯದ ಮನೆ ಯಾರಿಗೆ ಬೇಕು? ಉಪಕರಣಗಳು ಪರಸ್ಪರ ಮಾತಾಡಲು ಬಳಸುವ ಎಂಕ್ಯೂಟಿಟಿ ಅನ್ನುವ ಸಂದೇಶ ಪದ್ಧತಿ ಹುಟ್ಟಿದ್ದು 1999ರಲ್ಲಿ, ತೈಲದ ಪೈಪ್‌ಲೈನ್‌ಗಳನ್ನು ಉಪಗ್ರಹದ ಮೂಲಕ ಗಮನಿಸಲು. ದುಬಾರಿ, ದುರ್ಬಲ ಸಂಪರ್ಕದಲ್ಲೂ ಚಿಕ್ಕ ಚಿಕ್ಕ ಸಂದೇಶ ದಾಟಿಸಲೆಂದೇ ಮಾಡಿದ್ದು. ಮನೆಗೆ ಅದು ಧಾರಾಳ ಸಾಕು.

ನಾಳೆಯೇ ಏನನ್ನೂ ಕೊಳ್ಳಬೇಡಿ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಮೀಟರ್ ಓದಿ ಬರೆದಿಡಿ. ಯಾವ ಕೆಲಸವನ್ನು ಬಿಸಿಲಿಗೆ ಸರಿಸಬಹುದು ಅಂತ ಆ ಹಾಳೆಯೇ ತೋರಿಸುತ್ತದೆ. ಅಂಟಿಕೊಂಡ ಆ ರಿಲೇ ಇಲ್ಲಿ ಮೇಜಿನ ಮೇಲಿದೆ, ಹತ್ತಿರ ಬಂದು ನೋಡಿ. ಪ್ರಶ್ನೆಗಳಿದ್ದರೆ ಈಗ ಕೇಳಿ.