ಮೊದಲು ಕಣ್ಣು ತಗ್ಗಿಸುವವರು ಯಾರು?

ಕೇಳುಗರೇ, ನಮಸ್ಕಾರ.

ನೀವು ನನ್ನನ್ನು ನೋಡುತ್ತಿಲ್ಲ. ನಾನೂ ನಿಮ್ಮನ್ನು ನೋಡುತ್ತಿಲ್ಲ. ನನ್ನ ಮುಂದೆ ಇರುವುದು ಒಂದು ಮೈಕು, ಒಂದು ಲೋಟ ನೀರು, ನಾಲ್ಕು ಹಾಳೆ. ಆದರೂ ಇಲ್ಲಿಗೆ ಹೊರಡುವ ಮೊದಲು ಕನ್ನಡಿ ಮುಂದೆ ನಿಂತು ಎರಡು ಸಲ ಬಟ್ಟೆ ಬದಲಾಯಿಸಿದೆ. ಒಂದು ತೀರಾ ಜಾಸ್ತಿ ಆಯಿತು ಅನ್ನಿಸಿತು, ಇನ್ನೊಂದು ತೀರಾ ಸಪ್ಪೆ. ಮೈಕಿಗೆ ಕಣ್ಣಿಲ್ಲ, ಅಲ್ವಾ? ಹಾಗಾದರೆ ಯಾರಿಗೋಸ್ಕರ ಅಷ್ಟು ಒದ್ದಾಡಿದೆ? ಈ ಕೋಣೆಯ ಬಾಗಿಲು ತೆಗೆಯುವಾಗ ಅದು ಹೊಳೆದು ನಗು ಬಂತು. ಕುರ್ಚಿಯಲ್ಲಿ ಕೂತ ಮೇಲೆ ಅಷ್ಟೇನೂ ನಗು ಬರಲಿಲ್ಲ.

ಯಾರು ಯಾರನ್ನು ನೋಡಬಹುದು ಅನ್ನುವುದರಲ್ಲೂ ಅಧಿಕಾರ ಇದೆ, ಇವತ್ತಿನ ಮಾತು ಅದು. ಕಣ್ಣಿರುವುದೇ ನೋಡುವುದಕ್ಕೆ, ಅದರಲ್ಲಿ ದೊಡ್ಡವರು ಚಿಕ್ಕವರು ಅಂತ ಏನಿದೆ ಎಂದು ನೀವು ಕೇಳಬಹುದು. ನಮ್ಮ ಮಾತನ್ನೇ ಸ್ವಲ್ಪ ಕೇಳಿಸಿಕೊಳ್ಳಿ. ಕೆಲವರು ಕೆಕ್ಕರಿಸಿ ನೋಡುತ್ತಾರೆ, ದುರುಗುಟ್ಟುತ್ತಾರೆ. ಕೆಲವರು ಕಣ್ಣೆತ್ತಿಯೂ ನೋಡುವುದಿಲ್ಲ, ಅವರನ್ನು ನಾವು ಒಳ್ಳೆಯವರು ಅನ್ನುತ್ತೇವೆ. 'ನೋಡ್ಕೋತೀನಿ' ಅನ್ನೋ ಮಾತು ನೋಡಿ. ಕಾಯಿಲೆ ಬಿದ್ದವರ ಪಕ್ಕ ಕೂತು ಹೇಳಿದರೆ ಅದು ಆಸರೆ. ಬೆರಳು ತೋರಿಸಿ ಹೇಳಿದರೆ ಬೆದರಿಕೆ. ಒಂದೇ ಮಾತು, ಹೇಳುವವರು ಯಾರು ಅನ್ನುವುದರ ಮೇಲೆ ಬೇರೆಬೇರೆ.

ನನ್ನ ಮೊದಲ ಕೆಲಸದ ಸಂದರ್ಶನ ನೆನಪಾಗುತ್ತದೆ. ಮೇಜಿನ ಆ ಕಡೆ ಮೂವರು, ಈ ಕಡೆ ನಾನೊಬ್ಬಳು. ನಾನು ಉತ್ತರ ಹೇಳುವಾಗ ಒಬ್ಬರು ಕಿಟಕಿಯ ಆಚೆ ನೋಡುತ್ತಿದ್ದರು, ಇನ್ನೊಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ತಮ್ಮ ಮಾತಿನ ಸರದಿ ಬಂದಾಗ ಮಾತ್ರ ನೋಟ ನೇರ ನನ್ನ ಮುಖಕ್ಕೆ. ನನ್ನದು ಉಲ್ಟಾ. ಅವರ ಮಾತನ್ನು ಕಣ್ಣು ಕೀಳದೆ ಕೇಳಿದೆ, ನನ್ನ ಉತ್ತರವನ್ನೆಲ್ಲ ಮೇಜಿನ ಮರಕ್ಕೆ ಹೇಳಿದೆ.

ಮನಶ್ಶಾಸ್ತ್ರದವರು ಇದನ್ನು ಅಳೆದಿದ್ದಾರೆ. ಕೈಯಲ್ಲಿ ಅಧಿಕಾರ ಇರುವವರು ತಾವು ಮಾತಾಡುವಾಗ ಎದುರಿನವರನ್ನು ಜಾಸ್ತಿ ನೋಡುತ್ತಾರೆ, ಕೇಳುವಾಗ ಆ ಕಡೆ ಈ ಕಡೆ ನೋಡಿದರೂ ನಡೆಯುತ್ತದೆ. ಅಧಿಕಾರ ಇಲ್ಲದವರು ಕೇಳುವಾಗ ಕಣ್ಣು ನೆಟ್ಟು ಕೂರುತ್ತಾರೆ. 1988ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಂಡು ಹೆಣ್ಣುಗಳನ್ನು ಜೋಡಿಜೋಡಿಯಾಗಿ ಕೂರಿಸಿ ಮಾತಾಡಿಸಿದರು. ವಿಷಯ ಯಾರಿಗೂ ವಿಶೇಷವಾಗಿ ಗೊತ್ತಿಲ್ಲದಿದ್ದಾಗ ಗಂಡಸರು ಯಜಮಾನರ ಹಾಗೆ ನೋಡಿದರು, ಹೆಂಗಸರು ಕೈಕೆಳಗಿನವರ ಹಾಗೆ. ವಿಷಯ ಹೆಣ್ಣಿಗೇ ಚೆನ್ನಾಗಿ ಗೊತ್ತಿದ್ದಾಗ ನೋಟ ತಿರುಗಿತು, ಅವಳೇ ಯಜಮಾನಿಯ ಹಾಗೆ ನೋಡಿದಳು. ಹೆಂಗಸರಿಗೆ ನಾಚಿಕೆ ಹುಟ್ಟಿನಿಂದಲೇ ಬಂದದ್ದು ಎನ್ನುವವರು ಇದಕ್ಕೆ ಏನು ಹೇಳುತ್ತಾರೋ ಕೇಳುವ ಆಸೆ ನನಗೆ.

ಹಾಗಂತ ಇದು ಬರೀ ಗಂಡು ಹೆಣ್ಣಿನ ವಿಷಯ ಅಲ್ಲ. 1951ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಮ್ಯಾಟ್ ಇನ್‌ಗ್ರಾಂ ಎಂಬ ಕಪ್ಪು ಜನಾಂಗದ ಗೇಣಿ ರೈತನ ಮೇಲೆ ಮೊಕದ್ದಮೆ ಬಿತ್ತು. ಆರೋಪ ಏನು ಗೊತ್ತಾ? ಬಿಳಿಯರ ಹುಡುಗಿಯೊಬ್ಬಳನ್ನು ಕೆಟ್ಟದಾಗಿ ನೋಡಿದ ಅಂತ. ಇಬ್ಬರ ನಡುವೆ ಇದ್ದ ದೂರ ಸುಮಾರು 23 ಮೀಟರ್. ಮುಟ್ಟಲಿಲ್ಲ, ಹತ್ತಿರ ಹೋಗಲಿಲ್ಲ. ಮೊದಲ ನ್ಯಾಯಾಲಯ 2 ವರ್ಷ ಶಿಕ್ಷೆ ಹಾಕಿತು. ಅವನು ತಪ್ಪಿತಸ್ಥ ಎಂಬ ತೀರ್ಪನ್ನು ರಾಜ್ಯದ ಸುಪ್ರೀಂ ಕೋರ್ಟು ತಳ್ಳಿಹಾಕುವಾಗ 1953. ಗಂಡಸಾಗಿದ್ದರೂ ಅವನ ಕಣ್ಣಿಗೆ ಆ ಊರಲ್ಲಿ ಪರವಾನಗಿ ಇರಲಿಲ್ಲ.

ಈಗ ಎರಡು ಚಿತ್ರ ತೋರಿಸಬೇಕು. ರೇಡಿಯೋದಲ್ಲಿ ಚಿತ್ರ ತೋರಿಸುವುದು ಹುಚ್ಚುತನವೇ. ಆದರೂ ಕಣ್ಣು ಮುಚ್ಚಿಕೊಳ್ಳಿ.

ಮೊದಲನೆಯದು ಲಂಡನ್ನಿನದು. ಅಲ್ಲಿನ ರಾಯಲ್ ಅಕಾಡೆಮಿ ಎಂಬ ಕಲಾವಿದರ ಸಂಸ್ಥೆ 1768ರಲ್ಲಿ ಶುರುವಾಯಿತು. ಸ್ಥಾಪಕ ಸದಸ್ಯರಲ್ಲಿ ಇಬ್ಬರು ಹೆಂಗಸರು: ಆಂಜೆಲಿಕಾ ಕಾಫ್‌ಮನ್, ಮೇರಿ ಮೋಸರ್. ಮೂರು ನಾಲ್ಕು ವರ್ಷ ಕಳೆದ ಮೇಲೆ ಜೋಹಾನ್ ಜೋಫನಿ ಎಂಬ ಚಿತ್ರಕಾರ ಸದಸ್ಯರು ಒಟ್ಟು ಸೇರಿದ ಒಂದು ಚಿತ್ರ ಬರೆದ. ಕೋಣೆ ತುಂಬ ಗಂಡಸರು. ಒಬ್ಬ ಬೆತ್ತಲೆ ಗಂಡು ರೂಪದರ್ಶಿಯ ಕೈ ಹೇಗಿರಬೇಕು ಅಂತ ಮುದುಕರೊಬ್ಬರು ಸರಿಮಾಡುತ್ತಿದ್ದಾರೆ. ಇಬ್ಬರು ಹೆಂಗಸರು ಎಲ್ಲಿ? ಗೋಡೆಯ ಮೇಲೆ! ಚೌಕಟ್ಟಿನೊಳಗೆ, ಎರಡು ಭಾವಚಿತ್ರಗಳಾಗಿ. ಬೆತ್ತಲೆ ಮೈ ಇರುವ ಕೋಣೆಯಲ್ಲಿ ಮರ್ಯಾದಸ್ತ ಹೆಂಗಸರು ನಿಂತು ನೋಡುವಂತಿಲ್ಲ. ರೂಪದರ್ಶಿಯ ಕೈ ಸರಿಮಾಡುತ್ತಿರುವ ಆ ಮುದುಕರು ಮೇರಿ ಮೋಸರ್‌ಳ ಅಪ್ಪ. ಅಪ್ಪ ನೆಲದ ಮೇಲೆ, ಮಗಳು ಗೋಡೆಯ ಮೇಲೆ.

ಹೆಣ್ಣಿನ ಬೆತ್ತಲೆ ಮೈಯನ್ನು ಗಂಡಸರು ಅಲ್ಲಿ ಬರೆಯುತ್ತಲೇ ಇದ್ದರು. ತಕರಾರು ಇದ್ದದ್ದು ಹೆಣ್ಣಿನ ಕಣ್ಣಿನ ಬಗ್ಗೆ. ಮೈ ನೋಡಿ ಬರೆಯುವ ತರಗತಿಗೆ ಅಲ್ಲಿನ ವಿದ್ಯಾರ್ಥಿನಿಯರನ್ನು ಬಿಟ್ಟದ್ದು 1893ರಲ್ಲಿ, ಅದೂ ರೂಪದರ್ಶಿಯ ಸೊಂಟಕ್ಕೆ ಬಟ್ಟೆ ಸುತ್ತಿ. ಆ ಇಬ್ಬರ ನಂತರ ಇನ್ನೊಬ್ಬ ಹೆಂಗಸು ಪೂರ್ಣ ಸದಸ್ಯೆ ಆದದ್ದು 1936ರಲ್ಲಿ, ಲಾರಾ ನೈಟ್. ಲೆಕ್ಕ ಹಾಕಿ, 168 ವರ್ಷ.

ನಡುವೆ ಒಂದು ಗೋಪುರದ ಮಾತು, ನೋಡುವವರು ಕಾಣದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ. 1791ರಲ್ಲಿ ಇಂಗ್ಲೆಂಡಿನ ಜೆರೆಮಿ ಬೆಂಥಮ್ ಒಂದು ಜೈಲಿನ ನಕ್ಷೆ ಪ್ರಕಟಿಸಿದ. ಸುತ್ತ ಕೋಣೆಗಳು, ನಡುವೆ ಕಾವಲು ಗೋಪುರ. ಗೋಪುರದಲ್ಲಿ ಕೂತವನಿಗೆ ಎಲ್ಲರೂ ಕಾಣುತ್ತಾರೆ, ಅವನು ಮಾತ್ರ ಯಾರಿಗೂ ಕಾಣುವುದಿಲ್ಲ. ಅವನು ಊಟಕ್ಕೆ ಎದ್ದು ಹೋದರೂ ಕೈದಿಗಳು ನೆಟ್ಟಗೇ ಇರುತ್ತಾರೆ. ನನ್ನ ಬೆಳಗಿನ ಕನ್ನಡಿ ನೆನಪಾಯಿತಾ? ನನ್ನ ಗೋಪುರದಲ್ಲೂ ಯಾರೂ ಇರಲಿಲ್ಲ.

ಎರಡನೆಯ ಚಿತ್ರಕ್ಕೆ ಮೊದಲು ಸಣ್ಣ ಮುನ್ನುಡಿ ಬೇಕು. 1863ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಕಬನೆಲ್ ಎಂಬವನ ವೀನಸ್ ಚಿತ್ರ ಇತ್ತು. ಸಮುದ್ರದ ನೊರೆಯ ಮೇಲೆ ಬೆತ್ತಲಾಗಿ ಮಲಗಿದ ದೇವತೆ. ತೋಳು ಹಣೆಯ ಮೇಲೆ, ಕಣ್ಣು ಅರೆಮುಚ್ಚಿದೆ. ಎಷ್ಟು ಹೊತ್ತು ಬೇಕಾದರೂ ನೋಡಬಹುದು, ಅವಳು ಏನೂ ಅನ್ನುವುದಿಲ್ಲ. ಚಕ್ರವರ್ತಿ ಮೂರನೇ ನೆಪೋಲಿಯನ್ ಅದನ್ನು ಕೊಂಡುಕೊಂಡ.

ಅದೇ ವರ್ಷ ಎದುವಾರ್ ಮಾನೆ ಕೂಡ ಹಾಸಿಗೆಯಲ್ಲಿ ಮಲಗಿದ ಬೆತ್ತಲೆ ಹೆಣ್ಣನ್ನು ಬರೆದ. ಹೆಸರು 'ಒಲಿಂಪಿಯಾ'. ಇವಳು ದೇವತೆ ಅಲ್ಲ, ಮೈ ಮಾರಿ ಬದುಕುವವಳು. ಕತ್ತಿಗೆ ಕಪ್ಪು ದಾರ, ತಲೆಯಲ್ಲಿ ಹೂವು, ಒಂದು ಕಾಲಿನ ಚಪ್ಪಲಿ ಜಾರಿದೆ. ಅವಳು ನೇರ ನಮ್ಮನ್ನೇ ನೋಡುತ್ತಾಳೆ. ಸಿಟ್ಟಿಲ್ಲ, ನಗು ಇಲ್ಲ, ನಾಚಿಕೆ ಇಲ್ಲ. ಏನು ಬೇಕು, ಬೇಗ ಹೇಳು ಎನ್ನುವ ಹಾಗೆ. 1865ರಲ್ಲಿ ಅದನ್ನು ಪ್ರದರ್ಶನಕ್ಕೆ ಇಟ್ಟಾಗ ಜನ ರೇಗಿದರು, ಗೇಲಿ ಮಾಡಿದರು. ಕಾವಲು ಹಾಕಬೇಕಾಯಿತು. ಕೊನೆಗೆ ಚಿತ್ರವನ್ನು ಬಾಗಿಲಿನ ಮೇಲೆ, ಎತ್ತರಕ್ಕೆ ಏರಿಸಿದರು. ಬೆತ್ತಲೆ ಮೈ ಅವರಿಗೆ ಹೊಸದಲ್ಲ. ತಾವು ನೋಡುತ್ತಿರುವುದನ್ನು ಅವಳು ನೋಡಿಬಿಟ್ಟಳು, ಕಸಿವಿಸಿ ಆದದ್ದು ಅದಕ್ಕೆ ಅಂತ ನನ್ನ ಅಂದಾಜು.

ಆ ಚಿತ್ರಕ್ಕೆ ರೂಪದರ್ಶಿಯಾದವಳು ವಿಕ್ಟೋರಿನ್ ಮ್ಯೂರಾಂ. ಮುಂದೆ ತಾನೇ ಕುಂಚ ಹಿಡಿದಳು. 1876ರಲ್ಲಿ ಅದೇ ಪ್ರದರ್ಶನಕ್ಕೆ ಅವಳ ಚಿತ್ರ ಆಯ್ಕೆ ಆಯಿತು. ಮಾನೆಯದು ತಿರಸ್ಕೃತವಾಯಿತು. ಈ ಸಂಗತಿ ಮೊದಲ ಸಲ ಓದಿದಾಗ ನಾನು ಒಬ್ಬಳೇ ಕೂತು ಚಪ್ಪಾಳೆ ತಟ್ಟಿದ್ದೆ.

ಎಷ್ಟೋ ವರ್ಷ ಆ ಕತೆಯನ್ನು ಇಲ್ಲಿಗೇ ನಿಲ್ಲಿಸಿ ಹೇಳುತ್ತಿದ್ದೆ. ಒಮ್ಮೆ ಒಬ್ಬ ಹುಡುಗಿ ಕೇಳಿದಳು, "ಮೇಡಂ, ಹಿಂದೆ ನಿಂತಿರೋದು ಯಾರು?" ನಾನು ಚಿತ್ರದ ಕಡೆ ತಿರುಗಿದೆ. ಹಾಸಿಗೆಯ ಆಚೆ ಒಬ್ಬ ಕಪ್ಪು ಬಣ್ಣದ ಸೇವಕಿ, ಕಾಗದ ಸುತ್ತಿದ ದೊಡ್ಡ ಹೂಗೊಂಚಲು ಹಿಡಿದು ನಿಂತಿದ್ದಾಳೆ. ಚಿತ್ರದ ಅರ್ಧಭಾಗ ಅವಳದೇ. ಅವಳು ನಮ್ಮನ್ನು ನೋಡುವುದಿಲ್ಲ, ಒಡತಿಯ ಮುಖ ನೋಡುತ್ತಿದ್ದಾಳೆ, ಹೂವು ಬೇಕೋ ಬೇಡವೋ ಅಂತ. ನಾನು ಅವಳನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಮೂಲೆಯ ಕರಿಬೆಕ್ಕು ಮಾತ್ರ ನನಗೆ ನೆನಪಿತ್ತು.

ಅವಳ ಹೆಸರು ಲೋರ್. ಮಾನೆಯ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿದೆ: ಬಹಳ ಸುಂದರಿ, ವಿಂಟಿಮಿಲ್ ಬೀದಿ, 11ನೇ ನಂಬರು, ಮೂರನೇ ಮಹಡಿ.

ನಮಸ್ಕಾರ.