ಮಲ್ಪೆಯಿಂದ ಪಡುಕೋಣೆಗೆ, ಹಳೇ ಸಿನಿಮಾಗಳ ಜೊತೆ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಇಲ್ಲಿ ಟ್ರಾಲ್ ಬೋಟುಗಳಿಗೆ ರಜೆ. ಅದಕ್ಕೇ ಎಲ್ಲವೂ ಹೀಗೆ ಮೈಗೆ ಮೈ ತಾಗಿಸಿಕೊಂಡು ನಿಂತಿವೆ. ಹಗ್ಗ ಎಳೆದಾಗ ಬರುವ ಆ ಕಿರ್ ಕಿರ್ ಸದ್ದು ಕೇಳಿಸುತ್ತಾ? ಹಿನ್ನೆಲೆ ಸಂಗೀತ ಹಾಕದೆ ಸುಮ್ನೆ ಬಿಟ್ಟಿದ್ದೇನೆ.

ನಿಮಗಿಷ್ಟವಾದ ಹಳೇ ಸಿನಿಮಾ ಯಾವುದು ಅಂತ ತುಂಬಾ ಜನ ಕೇಳಿದ್ದೀರಿ. ಟಾಪ್ ಟೆನ್ ಮಾಡುವುದು ನನ್ನಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ. ನೋಡಿದ ಒಂದು ವರ್ಷಕ್ಕೆ ಅರ್ಧ ಕತೆ ಮರೆತು ಹೋಗುತ್ತದೆ. ಒಂದು ಸದ್ದೋ, ಒಂದು ಬೆಳಕೋ ಮಾತ್ರ ಉಳಿಯುತ್ತದೆ. ಹಾಗೆ ಉಳಿದ ಕೆಲವನ್ನು ಹಿಡಿದುಕೊಂಡು ಇವತ್ತು ಸ್ಕೂಟರಿನಲ್ಲಿ ಹೊರಟಿದ್ದೇನೆ. ಇಲ್ಲಿಂದ ಪಡುಕೋಣೆ ತನಕ. ಪಡುಕೋಣೆ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮಲ್ಪೆಗೆ ಬಂದರೆ ನನಗೆ ನೆನಪಾಗುವುದು 'ಚೆಮ್ಮೀನ್'. 1965ರ ಮಲಯಾಳಂ ಸಿನಿಮಾ, ನಿರ್ದೇಶಕ ರಾಮು ಕಾರ್ಯಾಟ್. ತಕಳಿ ಶಿವಶಂಕರ ಪಿಳ್ಳೆಯವರ ಕಾದಂಬರಿ, ಸಲೀಲ್ ಚೌಧರಿ ಸಂಗೀತ. ಎಲ್ಲರೂ ಅದರ ಪ್ರೇಮಕತೆಯನ್ನು ಹೊಗಳುತ್ತಾರೆ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಸಾಲದ ಕತೆ. ಮೀನುಗಾರ ಚೆಂಬನ್ ಕುಂಞಿಗೆ ಸ್ವಂತ ದೋಣಿ, ಸ್ವಂತ ಬಲೆ ಬೇಕು. ಮಗಳನ್ನು ಇಷ್ಟಪಡುವ ಹುಡುಗನ ಹತ್ತಿರವೇ ದುಡ್ಡು ಎತ್ತುತ್ತಾನೆ. ದೋಣಿ ಬಂದ ಮೇಲೆ ಸಾಲದ ಮಾತೇ ಇಲ್ಲ. ಇಲ್ಲಿ ದೋಣಿ ನಿಲ್ಲುವ ದಕ್ಕೆಯಲ್ಲಿ ಅರ್ಧ ಗಂಟೆ ನಿಂತು ಮಾತು ಕೇಳಿ. ಡೀಸೆಲ್ ಸಾಲ, ಬಲೆ ಸಾಲ, ಐಸ್ ಬಾಕಿ. ಸಿನಿಮಾ ಇನ್ನೂ ಮುಗಿದೇ ಇಲ್ಲ ಅನ್ನಿಸುತ್ತದೆ.

ಒಂದು ತಕರಾರು ಇದೆ. ಗಂಡ ಕಡಲಲ್ಲಿ ಮುಳುಗಿದರೆ ದಡದಲ್ಲಿರುವ ಹೆಂಡತಿಯ ನಡತೆಯೇ ಕಾರಣ ಅನ್ನುವ ನಂಬಿಕೆಯ ಮೇಲೆ ಈ ಕತೆ ನಿಂತಿದೆ. ಇಲ್ಲಿ ಬಂಗುಡೆ ಬುಟ್ಟಿ ಹಿಡಿದು ಕೂತ ಹೆಂಗಸರಿಗೆ ಆ ಮಾತು ಹೇಳಿ ನೋಡಿ. ನಾನಂತೂ ಹೇಳುವುದಿಲ್ಲ.

ಇದು ಉಡುಪಿ ರಥಬೀದಿ. ಇಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ, ಕನಕನ ಕಿಂಡಿಯ ಮುಂದೆ ಜನ ಇದ್ದರು. ಕಿಂಡಿಗೆ ಕಣ್ಣಿಟ್ಟು ಕೃಷ್ಣ ಸರಿಯಾಗಿ ಕಾಣುವಷ್ಟರಲ್ಲಿ ಹಿಂದಿನವರ ಮೊಣಕೈ ಬೆನ್ನಿಗೆ ತಾಗುತ್ತದೆ. 1960ರ 'ಭಕ್ತ ಕನಕದಾಸ'ದಲ್ಲಿ ರಾಜ್‌ಕುಮಾರ್‌ಗೆ ಆ ಅವಸರ ಇಲ್ಲ. 'ಬಾಗಿಲನು ತೆರೆದು' ಹಾಡುತ್ತಾರೆ, ಹಿನ್ನೆಲೆ ದನಿ ಪಿ. ಬಿ. ಶ್ರೀನಿವಾಸ್ ಅವರದು. ಸೆಟ್ಟು, ಪವಾಡ ಎಲ್ಲ ಈಗ ನೋಡಿದರೆ ಸ್ವಲ್ಪ ನಗು ಬರುತ್ತದೆ. ಆ ಹಾಡಿಗೆ ಬರುವುದಿಲ್ಲ.

ಇನ್ನು ಹೈವೇ. ಸಾಲಿಗ್ರಾಮದ ಹತ್ತಿರ ಬರುವಾಗ ಮಳೆ ಹೊಡೆಯಿತು ನೋಡಿ, ಲೆನ್ಸ್ ಮೇಲೆ ಹನಿ. ಒಂದು ಬಸ್ ಸ್ಟ್ಯಾಂಡಿನ ಮಾಡಿನಡಿ ನುಗ್ಗಿದೆ. ಮಳೆ ಅಂದ ಮೇಲೆ 'ಪಥೇರ್ ಪಾಂಚಾಲಿ' ಬಾರದೆ ಇರುತ್ತದಾ? ಸತ್ಯಜಿತ್ ರಾಯ್, 1955. ದುರ್ಗಾ ಮಳೆಯಲ್ಲಿ ನೆನೆಯುವುದು ಎಲ್ಲರಿಗೂ ಗೊತ್ತು. ನನಗೆ ಉಳಿದದ್ದು ಅದರ ನಂತರದ್ದು. ಅಪ್ಪ ತುಂಬಾ ದಿನದ ಮೇಲೆ ಊರಿಗೆ ಬರುತ್ತಾನೆ. ತಂದದ್ದನ್ನೆಲ್ಲ ಒಂದೊಂದೇ ತೆಗೆದು ಹೆಂಡತಿಗೆ ತೋರಿಸುತ್ತಾನೆ. ಕೊನೆಗೆ ಮಗಳಿಗೆ ತಂದ ಸೀರೆ. ಮಗಳು ಇಲ್ಲ ಅಂತ ಅವನಿಗೆ ಗೊತ್ತಿಲ್ಲ. ಅಮ್ಮ ಆ ಸೀರೆಯನ್ನು ಬಾಯಿಗೆ ಒತ್ತಿಕೊಂಡು ಅಳುತ್ತಾಳೆ. ಅವಳ ದನಿ ನಮಗೆ ಕೇಳಿಸುವುದೇ ಇಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಅನ್ನುವ ತಂತಿವಾದ್ಯ ಚೀರುತ್ತದೆ. ಮೊದಲ ಸಲ ನೋಡಿದಾಗ ಹೆಡ್‌ಫೋನ್ ಕಿತ್ತು ಪಕ್ಕಕ್ಕಿಟ್ಟಿದ್ದೆ.

ಮಳೆ ಬಿಟ್ಟಿತು. ಇದು ಕೋಟ, ಶಿವರಾಮ ಕಾರಂತರ ಹುಟ್ಟೂರು. ರಸ್ತೆಯ ಎರಡೂ ಬದಿ ಗದ್ದೆ, ಟಿಲ್ಲರ್ ಓಡುತ್ತಿದೆ. ಉತ್ತ ಕೆಸರಿನ ಈ ವಾಸನೆಯನ್ನು ವಿಡಿಯೋದಲ್ಲಿ ಹಾಕುವ ಹಾಗಿದ್ದರೆ ಹಾಕುತ್ತಿದ್ದೆ. ಅವರ 'ಚೋಮನ ದುಡಿ'ಯ ಚೋಮ ಬಯಸಿದ್ದು ಇಷ್ಟೇ ಅಲ್ವಾ? ಎತ್ತು ಅವನ ಹತ್ತಿರ ಇತ್ತು. ಗೇಣಿಗೆ ಒಂದು ತುಂಡು ಗದ್ದೆ ಬೇಕಿತ್ತು. ಹೊಲೆಯರವನು ಬೇಸಾಯ ಮಾಡುವುದುಂಟಾ ಅನ್ನುವ ಒಂದೇ ಮಾತಿಗೆ ಅದು ಸಿಗಲಿಲ್ಲ.

ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ, ಬಿ. ವಿ. ಕಾರಂತರ 'ಚೋಮನ ದುಡಿ' ಸಿನಿಮಾ 1975ರಲ್ಲಿ. ಅದಕ್ಕೆ ಶ್ರೇಷ್ಠ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂತು, ಚೋಮನಾದ ಎಂ. ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ. ನಿರ್ದೇಶಕರು ಬಂಟ್ವಾಳದ ಮಂಚಿಯವರು, ನಾಟಕದ ಸಂಗೀತದಲ್ಲಿ ಪಳಗಿದ ಕೈ. ಅದು ಈ ಸಿನಿಮಾದಲ್ಲಿ ಕೇಳಿಸುತ್ತದೆ. ಚೋಮ ಖುಷಿಯಾದರೂ ದುಡಿ ಬಡಿಯುತ್ತಾನೆ, ಕುಡಿದರೂ ಬಡಿಯುತ್ತಾನೆ, ಸಿಟ್ಟು ಬಂದರೂ ಅದೇ. ಮಾತು ಕಡಿಮೆ. ಹಾಗಾಗಿ ಸ್ವಲ್ಪ ಹೊತ್ತಿಗೆ ನಮಗೂ ಆ ಬಡಿತದ ಭಾಷೆ ತಿಳಿಯುತ್ತದೆ. ಕೊನೆಗೆ ಬಾಗಿಲು ಹಾಕಿಕೊಂಡು ಬಡಿಯುತ್ತಾನಲ್ಲ, ಆಗ ಸಬ್‌ಟೈಟಲ್ ಬೇಡ. ನನ್ನ ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೋ ಅಂದರೆ ಇದನ್ನೇ ಉಳಿಸಿಕೊಳ್ಳುತ್ತೇನೆ.

ಕುಂದಾಪುರದಲ್ಲಿ ಗೋಳಿಬಜೆ, ಚಾ. ಮಾಡಿದ ವಿಡಿಯೋ ಅಲ್ಲಾಡಿದೆ, ಕತ್ತರಿಸಿದೆ.

ಮರವಂತೆ. ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ. ಆ ನದಿಯ ಆಚೆ ಕಾಣುವ ತೆಂಗಿನ ತೋಟಗಳ ಕಡೆಗೇ ಪಡುಕೋಣೆ. ಈಗ ಆ ಹೆಸರು ಕೇಳಿದರೆ ಬೇರೆ ಯಾರ್ಯಾರೋ ನೆನಪಾಗುತ್ತಾರೆ, ಗೊತ್ತು. ಹಿಂದಿ ಸಿನಿಮಾದ ನಟ, ನಿರ್ದೇಶಕ ಗುರುದತ್ ಅವರ ಪೂರ್ತಿ ಹೆಸರಿನ ಕೊನೆಯಲ್ಲೂ ಪಡುಕೋಣೆ ಇದೆ. ಅವರು ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಮನೆತನದ ಹೆಸರು ಮಾತ್ರ ಈ ಊರಿನದು.

ಅವರ 'ಪ್ಯಾಸಾ'ವನ್ನು ಜನ ಜಾಸ್ತಿ ಮೆಚ್ಚುತ್ತಾರೆ. ನನ್ನ ಓಟು 1959ರ 'ಕಾಗಜ್ ಕೆ ಫೂಲ್'ಗೆ. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್, ಅಂದರೆ ಅಗಲ ಪರದೆಯ, ಚಿತ್ರ ಅದು. ಮಕಾಡೆ ಮಲಗಿತು. ಆಮೇಲೆ ಅವರು ನಿರ್ದೇಶಕ ಅಂತ ತಮ್ಮ ಹೆಸರು ಹಾಕಲೇ ಇಲ್ಲ. ಕ್ಯಾಮೆರಾ ಹಿಡಿದವರು ಮೈಸೂರಿನ ವಿ. ಕೆ. ಮೂರ್ತಿ. 'ವಕ್ತ್ ನೇ ಕಿಯಾ' ಹಾಡಿನಲ್ಲಿ ಖಾಲಿ ಸ್ಟುಡಿಯೋ, ನಾಯಕ ಒಂದು ಕಡೆ, ನಾಯಕಿ ಒಂದು ಕಡೆ. ನಡುವೆ ಮೇಲಿಂದ ಇಳಿಯುವ ಬೆಳಕಿನ ಕೋಲು. ಮೂರ್ತಿಯವರು ಅದಕ್ಕೆ ದೊಡ್ಡ ಕನ್ನಡಿಗಳನ್ನಿಟ್ಟು ಹೊರಗಿನ ಬಿಸಿಲನ್ನೇ ಒಳಗೆ ತಂದರು.

ಆ ಬೆಳಕು ನೋಡಿದಾಗ ನನಗೆ ಮೊದಲು ನೆನಪಾದದ್ದು ಅಜ್ಜಿಯ ಅಡುಗೆಮನೆ. ಮಂಗಳೂರು ಹಂಚಿನ ಮಾಡು, ನಡುವೆ ಒಂದು ಗಾಜಿನ ಹಂಚು. ಬೆಳಿಗ್ಗೆ ಒಲೆ ಹೊಗೆಯಲ್ಲಿ ಅಲ್ಲಿಂದ ಬಿಸಿಲು ಕೋಲಿನ ಹಾಗೆ ಇಳಿಯುತ್ತಿತ್ತು. ಸಣ್ಣವರಿರುವಾಗ ಅದನ್ನು ಹಿಡಿಯಲು ಹೋಗಿ ಬೈಸಿಕೊಂಡದ್ದುಂಟು.

ಹಾಗಾಗಿ ಮರುದಿನ ಮಳೆ ಬಿಟ್ಟ ಹೊತ್ತಿಗೆ ಒಂದು ಪ್ರಯೋಗ ಮಾಡಿದೆ. ಇದು ಕಪಾಟಿನಿಂದ ಬಿಚ್ಚಿದ ಕನ್ನಡಿ. ಅಂಗಳದಲ್ಲಿ ಇಟ್ಟು ಬಿಸಿಲನ್ನು ಕಿಟಕಿಯೊಳಗೆ ಬಿಟ್ಟೆ. ಗೋಡೆ ಮೇಲೆ ಬರೀ ಒಂದು ಚೌಕ ಬಿತ್ತು, ಕೋಲು ಕಾಣಲಿಲ್ಲ. ಹೊಗೆ ಬೇಕು! ಅಜ್ಜಿ ಒಲೆಗೆ ಒಂದು ಹಸಿ ತೆಂಗಿನ ಸಿಪ್ಪೆ ತುರುಕಿದರು. ಕೆಮ್ಮು, ಕಣ್ಣಲ್ಲಿ ನೀರು, ಮತ್ತೆ... ನೋಡಿ, ಬಂತು. ಎಂಟು ಸೆಕೆಂಡ್. ಕನ್ನಡಿ ಹಿಡಿದ ನನ್ನ ಕೈ ನಡುಗಿದ್ದಕ್ಕೆ ಬೆಳಕೂ ನಡುಗುತ್ತಿದೆ.

ಅಷ್ಟರಲ್ಲಿ ಮೋಡ ಬಂತು. ಹಿಂದೆ ಕೇಳಿಸುವ ದನಿ ಅಜ್ಜಿಯದು: "ಆಯ್ತಾ ನಿನ್ನ ಸಿನಿಮಾ? ಕನ್ನಡಿ ಇದ್ದಲ್ಲಿ ಇಡು."