ನೊಂದವಳ ಎದುರು ಕೂರುವ ಮುನ್ನ

ಕೇಳುಗರಿಗೆ ನಮಸ್ಕಾರ.

ವಿಜಯಪುರದಲ್ಲಿ ಸಮಾಜಕಾರ್ಯ ಓದುತ್ತಿರುವ ಮಕ್ಕಳು ಕ್ಷೇತ್ರಕಾರ್ಯಕ್ಕೆ ಹೊರಡುವ ಮೊದಲು ಒಂದು ಪ್ರಶ್ನೆಯನ್ನು ಮರೆಯಬೇಕು ಎಂದು ನಾನು ಹಟ ಹಿಡಿಯುತ್ತೇನೆ. 'ಅವನು ಹೊಡೆಯುವಂಥದ್ದು ನೀನೇನು ಮಾಡಿದೆಯವ್ವಾ?' ತವರಿನಲ್ಲಿ, ಊರ ಹಿರಿಯರ ಮುಂದೆ ಅದಕ್ಕೆ ಉತ್ತರಿಸಿ ದಣಿದೇ ಗಂಡನ ಪೆಟ್ಟು ತಿಂದ ಹೆಣ್ಣುಮಗಳು ನಮ್ಮ ಬಳಿ ಬಂದಿರುತ್ತಾಳೆ. ನಾವೂ ಅದನ್ನೇ ಕೇಳಿದರೆ ಅವಳು ಎದ್ದು ಹೋಗುತ್ತಾಳೆ, ಹೋಗಲೇಬೇಕು.

ಕಾನೂನೂ ಆ ಪ್ರಶ್ನೆಗೆ ಜಾಗ ಕೊಟ್ಟಿಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಗೆ 2006ರಲ್ಲಿ ನಿಯಮಗಳು ಬಂದವು. ನ್ಯಾಯಾಲಯ ಸೂಚಿಸಿದ ಸಮಾಲೋಚನೆಯಲ್ಲಿ ಗಂಡನು ತಾನು ಮಾಡಿದ ಹಿಂಸೆಗೆ ಸಮರ್ಥನೆ ಕೊಡುವಂತಿಲ್ಲ. ಕೂರುವ ಮೊದಲೇ ಅದನ್ನು ಅವನಿಗೆ ತಿಳಿಸಬೇಕು. ರಾಜಿಯ ಮಾತೂ ಅವಳು ಬಯಸಿದರೆ ಮಾತ್ರ. 'ಹೊಂದಿಕೊಂಡು ಹೋಗು' ಎನ್ನುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ.

ಇನ್ನು ಬರವಣಿಗೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ನಮ್ಮ ರಾಜ್ಯದಲ್ಲಿ ಈ ಕಾಯ್ದೆಯಡಿ ನೊಂದವಳಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿ. ನಡೆದ ಹಿಂಸೆಯ ವಿವರವಿರುವ ಕೌಟುಂಬಿಕ ಘಟನಾ ವರದಿಯನ್ನು ಅವರು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅದಕ್ಕಾಗಿ ನೊಂದವಳ ಮಾತು ಬರೆದುಕೊಳ್ಳುವಾಗ, ಅವಳು 'ಒಲೆಯ ಕಟ್ಟಿಗೆಯಿಂದ ಹೊಡೆದ, ಕೂಲಿ ದುಡ್ಡು ಕಸಿದುಕೊಂಡ' ಎಂದರೆ ಹಾಗೆಯೇ ಬರೆಯಿರಿ. 'ಕಿರುಕುಳ ನೀಡಿರುತ್ತಾನೆ' ಎಂದು ಸಾರಿಸಿಬಿಟ್ಟರೆ ಕಟ್ಟಿಗೆಯೂ ಮಾಯ, ಕೂಲಿಯೂ ಮಾಯ. ದುಡಿದ ಹಣ ಕಸಿಯುವುದು ಆ ಕಾಯ್ದೆಯ ಪ್ರಕಾರ ಆರ್ಥಿಕ ಹಿಂಸೆ. ಬರೆದದ್ದನ್ನು ಅವಳಿಗೆ ಓದಿ ಹೇಳಿ.

ಗಡಿ ಜಿಲ್ಲೆಯ ನಮಗೆ ಇನ್ನೊಂದು ಸಂಗತಿ ತಿಳಿದಿರಲೇಬೇಕು. ಮಹಾರಾಷ್ಟ್ರದ ಸೊಲ್ಲಾಪುರಕ್ಕೋ ಜತ್ತಕ್ಕೋ ಕೊಟ್ಟ ಮಗಳು ನಮ್ಮ ಇಂಡಿ ತಾಲ್ಲೂಕಿನ ತವರಿಗೆ ಮರಳಿದಾಗ 'ಕೇಸು ಅಲ್ಲೇ ಹಾಕು' ಎಂದು ಸಾಗಹಾಕುವವರಿದ್ದಾರೆ. ಅದು ತಪ್ಪು. ಕಾಯ್ದೆಯ 27ನೇ ಕಲಮಿನಂತೆ ಅವಳು ತಾತ್ಕಾಲಿಕವಾಗಿ ನೆಲೆಸಿದ ಊರಿನ ನ್ಯಾಯಾಲಯದಲ್ಲೂ ಅರ್ಜಿ ಹಾಕಬಹುದು.

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನಲ್ಲಿ ಮಗನ ಪ್ರೇಮದ ಸಿಟ್ಟಿಗೆ ಒಬ್ಬ ತಾಯಿಯನ್ನು ಬೆತ್ತಲೆ ಮಾಡಿ ಹೊಡೆದ ಅವಮಾನ ನಿಮಗೆಲ್ಲ ನೆನಪಿದೆ. ಆಸ್ಪತ್ರೆಯಲ್ಲಿದ್ದ ಅವರನ್ನು ನೋಡಲು ಜನ ಬರತೊಡಗಿದಾಗ, ವೈದ್ಯರ ಅನುಮತಿಯಿಲ್ಲದೆ ಯಾರೂ ಭೇಟಿಯಾಗಬಾರದೆಂದು ಹೈಕೋರ್ಟ್ ಹೇಳಬೇಕಾಯಿತು. ಅನುಕಂಪವೂ ಗುಂಪುಗೂಡಿ ಬಂದರೆ ನೊಂದ ಜೀವಕ್ಕೆ ಭಾರ. ಆದ್ದರಿಂದ ವಿದ್ಯಾರ್ಥಿಗಳನ್ನು ತಂಡವಾಗಿ ಕಳಿಸಬೇಡಿ. ಫೋಟೊ ಬೇಡ, ಊರಿನ ಹೆಸರೂ ಬೇಡ.

ಈ ಮಾತು ಕೇಳುತ್ತಿರುವ ಅಕ್ಕತಂಗಿಯರೇ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ನೊಂದ ಹೆಣ್ಣುಮಕ್ಕಳಿಗಾಗಿ ಸರ್ಕಾರ ನಡೆಸುವ ಜಿಲ್ಲೆಯ ಸಖಿ ಕೇಂದ್ರದಲ್ಲಿ ಐದು ದಿನ ತಂಗಬಹುದು, ಮಕ್ಕಳನ್ನೂ ಕರೆದೊಯ್ಯಬಹುದು. ಗಂಡುಮಗುವಾದರೆ ವಯಸ್ಸಿನ ಮಿತಿಯಿದೆ.